ಕಂಬಳಿಯ ಬೂಷ್ಟಿಗೆ ಉಪಚಾರ

ಕೈಗೆ ಕೆಲಸವಿಲ್ಲದ ಮನುಷ್ಯ ಮನೆಯ ಸಾಮಾನುಗಳಿಗೆ ಅಪಾಯ ಎಂಬುದು ನನಗೆ ನನ್ನಿಂದಲೇ ಗೊತ್ತಾಗಿದೆ. ಹೆಂಡತಿ ಹಾಲಮ್ಮ ತೀರಿಕೊಂಡ ಮೇಲೆ ನಾನು ಕೂತಲ್ಲಿ ಕೂರುವುದಿಲ್ಲ. ಸದ್ದು ಮಾಡದ ಚಿಲಕಕ್ಕೆ ಎಣ್ಣೆ ಬಿಡುತ್ತೇನೆ, ಉಜ್ಜಿದ ಚೆಂಬನ್ನೇ ಮತ್ತೆ ಉಜ್ಜುತ್ತೇನೆ. ಅವಳಿದ್ದಾಗ ಇದರಲ್ಲಿ ಅರ್ಧ ಮಾಡಿದ್ದರೂ ಕೊಟ್ಟೂರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಅವಳದೊಂದು ಕರಿ ಕಂಬಳಿ ಇದೆ. ಉಜ್ಜಿನಿಯ ತವರಿನವರು ತಮ್ಮ ಕುರಿಗಳ ಉಣ್ಣೆಯಲ್ಲೇ ನೇಯಿಸಿ ಕೊಟ್ಟದ್ದು. ಬೇಸಿಗೆಯಲ್ಲೂ ಹೊದ್ದು ಕೂರುತ್ತಿದ್ದಳು. ಫ್ಯಾನಿನ ಗಾಳಿ ಅವಳಿಗೆ ಆಗುತ್ತಿರಲಿಲ್ಲ, ಅದನ್ನು ಹಾಕುವ ವಿಷಯದಲ್ಲಿ ನಮ್ಮಿಬ್ಬರಿಗೆ ಕೊನೆಯವರೆಗೂ ರಾಜಿಯಾಗಲಿಲ್ಲ. ಕಂಬಳಿಯಲ್ಲಿ ಅವಳ ವಾಸನೆ ಇತ್ತು, ಕೊಬ್ಬರಿ ಎಣ್ಣೆಯದು, ಎಲೆಅಡಿಕೆಯದು. ಅದು ಹಾರಿಹೋಗಬಾರದೆಂದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿಟ್ಟೆ. ಮಳೆಗಾಲ ಮುಗಿದ ಮೇಲೆ ಬಿಚ್ಚಿದರೆ ಬಿಳಿ ಬೂಷ್ಟು. ಜೋರು ಸೋಪು ಹಾಕಿದರೆ ವಾಸನೆಯೂ ಹೋದೀತೆಂದು ಕೂಸುಗಳ ತಲೆಗೆ ಹಚ್ಚುವ ಶಾಂಪೂವನ್ನು ನೀರಿಗೆ ತುಸುವೇ ಬೆರೆಸಿ ಚಿಮುಕಿಸಿ, ನೆರಳಿಗೆ ಹರವಿದೆ. ಕೂತರೆ ಎದ್ದು ನೋಡುವುದು, ನೋಡಿದರೆ ಇನ್ನಷ್ಟು ಚಿಮುಕಿಸುವುದು. ಅಂಗೈಯಗಲವಿದ್ದ ಬೂಷ್ಟು ಉಣ್ಣುವ ಗಂಗಾಳದಗಲವಾಯಿತು.

ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಓದುತ್ತಿರುವ ತಂಗಿಯ ಮಗಳು ನೇತ್ರಾ ಬಂದು ನೋಡಿದಳು. "ಮಾವ, ನೀವು ಇದನ್ನ ಕೊಲ್ಲಾಕತ್ತಿಲ್ಲ, ಸಾಕಾಕತ್ತೀರಿ" ಅಂದಳು.

ಕಂಬಳಿ ಬಿರುಸಾಗಲೆಂದು ನೇಕಾರರು ಹುಣಸೆಬೀಜದ ಗಂಜಿ ಹಚ್ಚಿರುತ್ತಾರಷ್ಟೆ. ಬೂಷ್ಟು ತನ್ನ ಕಿಣ್ವವನ್ನು ಹೊರಗೆ ಉಗುಳಿ, ಆ ಗಂಜಿಯನ್ನು ಕರಗಿಸಿಕೊಂಡು ಉಣ್ಣುತ್ತದಂತೆ. ಜೋರು ಸೋಪು ಸಾಕಷ್ಟು ಬಿದ್ದರೆ ಅದರ ಮೈಪೊರೆ ಒಡೆದು ಸಾಯುತ್ತದೆ. ಮೆತ್ತನೆಯದು ತುಸುವೇ ಬಿದ್ದರೆ ಕೆಲವು ಬೂಷ್ಟುಗಳ ಪೊರೆ ಸಡಿಲಾಗಿ ಕಿಣ್ವ ಇನ್ನೂ ಹೆಚ್ಚು ಹೊರಬರುತ್ತದೆ, ನೀರೂ ಎಳೆಯೊಳಗೆ ಚೆನ್ನಾಗಿ ಇಳಿಯುತ್ತದೆ. ಅಂದರೆ ನಾನು ಅದಕ್ಕೆ ಅನ್ನ ಕಲಸಿ ಬಾಯಿಗಿಡುತ್ತಿದ್ದೆ.

"ಜೋರು ಸೋಪಿನಾಗ ನೆನಸ್ರಿ. ಇಲ್ಲಾಂದ್ರ ಕಂಬಳಿನೂ ಉಳಿಯಂಗಿಲ್ಲ."

"ಮತ್ತ ಅಕಿ ವಾಸನಿ?"

ನೇತ್ರಾ ಕಂಬಳಿಯ ಅಂಚನ್ನು ಮೂಗಿಗೆ ಹಿಡಿದಳು. ಹೇಳಲೋ ಬೇಡವೋ ಎಂದು ತಡೆದು, "ಅದು ಆಗ್ಲೇ ಹೋಗೈತಿ, ಮಾವ. ಈಗಿರೋದು ಬೂಷ್ಟಿಂದು, ನಿಮ್ಮ ಶಾಂಪೂದು" ಅಂದಳು.

ಜೋರು ಸೋಪಿನಲ್ಲಿ ನೆನೆಸಿ ತೊಳೆದು, ಇಬ್ಬರೂ ಒಂದೊಂದು ತುದಿ ಹಿಡಿದು ಹಿಂಡಿದೆವು. ಕಂಬಳಿ ಈಗ ಸ್ವಚ್ಛವಾಗಿದೆ, ಯಾರದೂ ಅಲ್ಲದ ಹಾಗೆ.

ತೊಳೆಯುವ ಮೊದಲು ನೇತ್ರಾ ಚಿಟಿಕೆ ಬೂಷ್ಟನ್ನು ಕೆರೆದಿಟ್ಟುಕೊಂಡಿದ್ದಳು, ಪ್ರಯೋಗಕ್ಕೆಂದು ಕಾಲೇಜಿಗೆ ಒಯ್ದಳು. ಅಲ್ಲಿ ಗಾಜಿನ ತಟ್ಟೆಯೊಂದರಲ್ಲಿ ಬೆಳೆಯುತ್ತಿದೆಯಂತೆ. ಹಾಲಮ್ಮನ ಕಂಬಳಿಯನ್ನು ಉಂಡು ಬೆಳೆದದ್ದು ಲೋಕದಲ್ಲಿ ಅದೊಂದೇ. ಸಂಜೆ ಫೋನು ಮಾಡಿ ತಂಗಿಯ ಮಂಡಿನೋವು ವಿಚಾರಿಸುತ್ತೇನೆ, ಆಮೇಲೆ ಮೆಲ್ಲಗೆ ನೇತ್ರಾಳನ್ನು ಕರೆಸಿ ಅದು ಹೇಗಿದೆ, ಉಣ್ಣುತ್ತಿದೆಯೇ ಎಂದು ಕೇಳುತ್ತೇನೆ. ನಿನ್ನೆ ಫೋನಿಡುವ ಮುಂಚೆ ನನ್ನ ಬಾಯಿಂದಲೇ ಬಂತು:

"ಫ್ಯಾನಿನ ಕೆಳಗ ಮಾತ್ರ ಇಡಬ್ಯಾಡವ್ವ."