ನಾಲ್ಕು ಗಟ್ಟಿ ಕೊಡೆಗಳು

ನನ್ನ ಮುಖದಲ್ಲೇ ಏನೋ ದೋಷವಿರಬೇಕು. ಹತ್ತು ಜನ ಸೇರಿದ ಕಡೆ ಯಾರಿಗೂ ಬೇಡವಾದ ಕೆಲಸವೊಂದಿದ್ದರೆ ಅದು ನೆಟ್ಟಗೆ ನನ್ನ ಹತ್ತಿರ ಬಂದು ಕೂರುತ್ತದೆ. ಅಮೆರಿಕದ ಸಮಾಮಿಶ್ ಊರಿನ ನಮ್ಮ ಬಡಾವಣೆಯ ಸಂಘದ ಸಭೆಗೆ ನಾನು ಹೋದದ್ದು ಪಿಟ್ಜಾ ಇದೆ ಎಂದು ಕೇಳಿ. ಎರಡನೆಯ ತುಂಡು ಬಾಯಲ್ಲಿದ್ದಾಗ ಅಧ್ಯಕ್ಷೆ ಲಿಂಡಾ, ಈಜುಕೊಳದ ಪಕ್ಕಕ್ಕೆ ನೆರಳಿನ ಕೊಡೆಗಳನ್ನು ಆರಿಸುವವರು ಯಾರು ಎಂದು ನನ್ನನ್ನೇ ನೋಡುತ್ತಾ ಕೇಳಿದಳು. ಬಾಯಿ ತುಂಬಿದವನು ಬೇಡ ಎನ್ನುವುದು ಹೇಗೆ?

ನಿಜ ಹೇಳಬೇಕೆಂದರೆ ಬೇಡ ಎನ್ನಲು ಮನಸ್ಸೂ ಬರಲಿಲ್ಲ. ಪಕ್ಕದ ಮನೆಯ ಸುಮಾಳ ತಾಯಿ ಶಾರದಮ್ಮನವರು ಉಡುಪಿ ಕಡೆಯಿಂದ ಬೇಸಿಗೆಗೆಂದು ಬಂದಿದ್ದರು. ಇಲ್ಲಿ ಕಾರು ಓಡಿಸಲು ಬಾರದವರಿಗೆ ಕಾಲಿದ್ದೂ ಇಲ್ಲದಂತೆ. ಅವರು ನಡೆದು ತಲುಪಬಹುದಾಗಿದ್ದ ಒಂದೇ ಜಾಗ ಈಜುಕೊಳದ ಬೆಂಚು. ಮಧ್ಯಾಹ್ನ ಅಲ್ಲಿಗೆ ಒಬ್ಬ ತೆಲುಗು ಅಜ್ಜಿ ಬರುತ್ತಿದ್ದರು. ಇವರ ಭಾಷೆ ಅವರಿಗೆ ಬಾರದು, ಅವರದು ಇವರಿಗೆ ಬಾರದು. ಆದರೂ ಸೊಸೆಯರ ವಿಷಯ ಎರಡು ಗಂಟೆ ನಡೆಯುತ್ತಿತ್ತು. ಸಭೆಗೆ ವಾರ ಮುಂಚೆ ಶಾರದಮ್ಮನವರು ಬಿಸಿಲಿಗೆ ತಲೆ ಸುತ್ತಿ ಕೂತಲ್ಲೇ ವಾಲಿದ್ದರು. "ನೆರಳಾಗುವ ತನಕ ಅಲ್ಲಿಗೆ ಹೋಗುದೇ ಬೇಡ ಅಮ್ಮ" ಎಂದು ಸುಮಾ ಕಟ್ಟಪ್ಪಣೆ ಮಾಡಿದಳು. ಅಂದಿನಿಂದ ಬೇಲಿಯ ಆಚೆಯಿಂದ ದಿನಾ ಒಂದೇ ಪ್ರಶ್ನೆ: "ಕೊಡೆ ಯಾವಾಗ ಬರ್ತದೆ ಮಾರಾಯ್ರೆ? ಸೆಪ್ಟೆಂಬರಿಗೆ ನನ್ನ ಟಿಕೆಟು."

ಹಳೆಯ ಕೊಡೆಗಳ ಕಡ್ಡಿ ತುಕ್ಕು ಹಿಡಿದು, ಬಟ್ಟೆ ಪಾಚಿಗಟ್ಟಿ ಹೋಗಿತ್ತು. ಎರಡು ತಿಂಗಳ ಬಿಸಿಲನ್ನೂ ಹತ್ತು ತಿಂಗಳ ತುಂತುರನ್ನೂ ತಡೆಯುವಂಥದ್ದು ಬೇಕು. ಕಂಬ ಮರದ್ದೋ ಅಲ್ಯೂಮಿನಿಯಮ್ಮೋ, ಗಾಳಿಗೆ ಕಡ್ಡಿ ಬಾಗಬೇಕೋ ಬಾಗಬಾರದೋ, ಬುಡ ಎಷ್ಟು ಭಾರವಿರಬೇಕು. ಆಫೀಸಿನ ಕೆಲಸಕ್ಕೂ ನಾನು ಇಷ್ಟು ಓದಿದವನಲ್ಲ. ಬಾಗುವ ಫೈಬರ್‌ಗ್ಲಾಸ್ ಕಡ್ಡಿ, ಬಣ್ಣ ಬಿಡದ ಬಟ್ಟೆ, ಇಬ್ಬರು ಸೇರಿದರೂ ಅಲುಗದ ಬುಡ ಎಂದು ತೀರ್ಮಾನವಾಗುವಷ್ಟರಲ್ಲಿ ಬಣ್ಣದ ಜಗಳ ಶುರುವಾಯಿತು. ಮರಳಿನ ಬಣ್ಣ ಎಂಬ ಒಂದರಲ್ಲೇ ಮೂರು ಬಗೆಯಿದೆ ಎಂದೂ, ಮೂರಕ್ಕೂ ಪ್ರಾಣ ಕೊಡುವವರು ನಮ್ಮ ಬೀದಿಯಲ್ಲೇ ಇದ್ದಾರೆಂದೂ ನನಗೆ ಆಗಲೇ ತಿಳಿದದ್ದು. ಇಮೇಲ್ ಓದಿ ಓದಿ ಸೋತು ಕೂತಿದ್ದರೆ ಹೆಂಡತಿ, "ರೀ, ನಮ್ಮನೆ ಗೋಡೆಗೆ ಬಣ್ಣ ಹೊಡೆಸಿ ಅಂತ ಮೂರು ವರ್ಷದಿಂದ ಹೇಳ್ತಿದೀನಿ. ನೀವು ಊರೋರ ಕೊಡೆಗೆ ಬಣ್ಣ ಹುಡುಕ್ತಿದೀರಲ್ಲ!" ಎಂದಳು.

ಜುಲೈ ಮುಗಿಯುವ ಹೊತ್ತಿಗೆ ಅಂತೂ ನಾಲ್ಕು ಕೊಡೆ ಬಂದವು. ಎಷ್ಟು ಚೆನ್ನಾಗಿದ್ದವೆಂದರೆ ಬಿಡಿಸಿಡಲು ನನಗೆ ಮನಸ್ಸೇ ಬರಲಿಲ್ಲ. ನಾನು ಬೆಳೆದದ್ದು ಅಜ್ಜಿಯ ಕೈಯಲ್ಲಿ. ಆಕೆ ಹೊಸ ಬೆಡ್‌ಶೀಟನ್ನು ಟ್ರಂಕಿನಲ್ಲಿಟ್ಟು, ನೆಂಟರು ಬಂದಾಗ ಹಾಸಿ, "ಹೊರಳಾಡದೆ ಮಲಗಪ್ಪಾ" ಎನ್ನುತ್ತಿದ್ದವಳು. ಮನೆಯ ಟಿವಿ ರಿಮೋಟಿನ ಪ್ಲಾಸ್ಟಿಕ್ ಕವರನ್ನು ನಾನು ಈವರೆಗೆ ತೆಗೆದಿಲ್ಲ. ಹಾಗಾಗಿ ನಾಲ್ಕೂ ಕೊಡೆ ಮಡಿಸಿ, ಕವರು ತೊಡಿಸಿ, ಪಟ್ಟಿ ಬಿಗಿದು, 'ದಯವಿಟ್ಟು ಜೋಪಾನ' ಎಂದು ಇಂಗ್ಲಿಷಿನಲ್ಲಿ ಬೋರ್ಡು ಹಾಕಿ ಬಂದೆ. ಕೊಡೆ ಬಂತು ಎಂದು ಬೇಲಿಯ ಮೇಲಿಂದ ಕೂಗಿಯೂ ಹೇಳಿದೆ.

ಮಾರನೆಯ ಮಧ್ಯಾಹ್ನ ಹೋಗಿ ನೋಡಿದರೆ, ಕವರು ತೊಟ್ಟ ಕೊಡೆಯ ಪಕ್ಕದಲ್ಲೇ ಶಾರದಮ್ಮನವರು ತಲೆಗೆ ಸೆರಗು ಹೊದ್ದು ಉರಿಬಿಸಿಲಿನಲ್ಲಿ ಕೂತಿದ್ದಾರೆ. ಮುಖ ಕೆಂಪಾಗಿದೆ. ನಾನು ಓಡಿಹೋದೆ.

"ಅಯ್ಯೋ, ಬಿಡಿಸ್ಕೊಳ್ಳೋದಲ್ವೇನಮ್ಮಾ?"

"ಹೊಸತಲ್ವಾ ಮಾರಾಯ್ರೆ. ನೀವು ಅಷ್ಟು ಚಂದ ಕಟ್ಟಿಟ್ಟದ್ದು, ನಾನು ಬಿಚ್ಚಿ ಹಾಳು ಮಾಡುದೆಂತಕ್ಕೆ? ಯಾರಾದ್ರೂ ದೊಡ್ಡವರು ಬಂದಾಗ ಆಯ್ತು."

ಎಪ್ಪತ್ತೆರಡು ವರ್ಷದ ಇವರಿಗಿಂತ ದೊಡ್ಡವರು ನಮ್ಮ ಬಡಾವಣೆಗೆ ಇನ್ಯಾರು ಬರಬೇಕು? ನಾಚಿಕೆಯಿಂದ ಪಟ್ಟಿ ಬಿಚ್ಚಿದೆ. ನಾನೇ ಬಿಗಿದ ಗಂಟಿಗೆ ಎರಡು ಉಗುರು ಹೋದವು. ಕೊಡೆ ಅರಳಿತು. ಸೆರಗು ಸರಿಸಿ, "ಉಸ್ಸಪ್ಪಾ, ಈಗ ಜೀವ ಬಂತು" ಎಂದು ಕಾಲು ಚಾಚಿದರು. ತೆಲುಗು ಅಜ್ಜಿಯೂ ಬಂದು ಪಕ್ಕದಲ್ಲಿ ಕೂತರು. ನಾನೂ ಕೂತೆ.

ಸ್ವಲ್ಪ ಹೊತ್ತಿಗೆ ಶಾರದಮ್ಮನವರು, "ಆಗದಿಂದ ಮೇಲೆ ಎಂತ ನೋಡುದು ಮಾರಾಯ್ರೆ? ಬಿಸಿಲು ಬೀಳ್ತದಾ?" ಎಂದರು.

"ಇಲ್ಲಮ್ಮ, ಸುಮ್ನೆ" ಎಂದೆ. ಬಟ್ಟೆಯ ಬಣ್ಣ ಎಷ್ಟು ಮಾಸಿತು ಎಂದು ನೋಡುತ್ತಿದ್ದೆ ಎನ್ನಲು ಬಾಯಿ ಬರಲಿಲ್ಲ.