ದೇವದುರ್ಗದ ಗುಡ್ಡದ ಮೇಲೆ ಹಿಮಾಲಯದ ಹುಲ್ಲು

ಕಳೆದ ಆಷಾಢದ ಒಂದು ಮಂಗಳವಾರ, ಬೆಳಿಗ್ಗೆ ಎಂಟೂವರೆಗೆ, ನಾನು ದೇವದುರ್ಗದ ಹೊರಗಿನ ಕಲ್ಲುಗುಡ್ಡದ ನೆತ್ತಿಯಲ್ಲಿ, ಎರಡು ಬಂಡೆಗಳ ನಡುವೆ, ಪೂರ್ವಕ್ಕೆ ಮುಖ ಮಾಡಿ ನಿಂತಿದ್ದೆ. ಗುಡ್ಡ ಹತ್ತಲು ಎಂಟು ನಿಮಿಷ ಹಿಡಿದಿತ್ತು. ಇಷ್ಟು ಖಚಿತವಾಗಿ ಹೇಳಲು ಕಾರಣ, ಮುಂದಿನದನ್ನು ಯಾರೂ ನಂಬುವುದಿಲ್ಲ.

ಕಾಲ ಬಳಿ ಒಂದು ಹುಲ್ಲು. ಎತ್ತರ ಅರ್ಧ ಅಂಗುಲ. ಎಲೆಗಳು ಒತ್ತೊತ್ತಾಗಿ, ನೆಲಕ್ಕಂಟಿ, ಮೆತ್ತೆಯಂತೆ. ತೆನೆ ಇಲ್ಲ. ಇಂಥವು ಹಿಮಾಲಯದಲ್ಲಿ, ಮರವೂ ಬೆಳೆಯದ ಎತ್ತರದಲ್ಲಿ ಇರುತ್ತವೆಂದು ಓದಿದ್ದೆ. ದೇವದುರ್ಗದಲ್ಲಿ ಹಿಮ ಬೀಳುವುದಿಲ್ಲವೆಂಬುದೂ ನನಗೆ ಗೊತ್ತಿತ್ತು. ಅಂದಮೇಲೆ ಇದು ಹೊಸ ಪ್ರಭೇದವೇ!

ತೆನೆ ನೋಡದೆ ಹುಲ್ಲನ್ನು ಗುರುತಿಸಬಾರದು ಎಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುವವನು ನಾನೇ. ಆದರೆ ಒಂದು ಗಿಡವಾದರೂ ನನ್ನ ಶೋಧವೆಂದು ದಾಖಲಾಗಲಿ ಎಂಬ ಆಸೆಗೂ ಅಷ್ಟೇ ವಯಸ್ಸು. ಮಾನ್ವಿಯ ಬೀಗರಿಗೂ ಫೋನ್ ಮಾಡಿ ಸುದ್ದಿ ಹೇಳಿದೆ.

"ಅದಕ್ಕ ನಿನ್ನ ಹೆಸರು ಇಡ್ತೀನಿ," ಎಂದೆ ಹೆಂಡತಿ ಶಾರದೆಗೆ.

"ಸೀರಿ ಕೇಳಿದ್ರ ಹುಲ್ಲು ಕೊಡಾಕತ್ತೀರಿ. ಇರ್ಲಿ ಬಿಡ್ರಿ."

ರಾಯಚೂರಿನ ಹುಲ್ಲಿನ ತಜ್ಞರೊಬ್ಬರು ತಿಂಗಳು ಬಿಟ್ಟು ಬರುತ್ತೇನೆಂದರು. ಅಲ್ಲಿಯವರೆಗೆ ಜಗತ್ತಿನ ಈ ಆಸ್ತಿಯ ರಕ್ಷಣೆ ನನ್ನ ಹೊಣೆ! ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿದೆ. ಅಲ್ಲೇ ದಿನಾ ಕುರಿ ಮೇಯಿಸುವ ಹನುಮವ್ವನನ್ನು ತಡೆದೆ.

"ಯಾಕ್ರೀ ಸರ, ನಮ್ಮ ಕುರಿ ಏನು ಮಾಡ್ಯಾವ?"

"ಯವ್ವಾ, ಇದು ಹಿಮಾಲಯದ ಬಳಗದ ಹುಲ್ಲು."

"ಹೌದೇನ್ರೀ? ಪಾಪ, ಅವಕ್ಕ ತಿಳೀದ ತಿಂತಿದ್ವು ನೋಡ್ರಿ."

ಶ್ರಾವಣದಲ್ಲಿ ಮಳೆ ಚೆನ್ನಾಗಿ ಬಿತ್ತು. ನನ್ನ ಕಾಲೂ ಸೋಕಬಾರದೆಂದು ನಾನು ಗುಡ್ಡ ಹತ್ತಲಿಲ್ಲ. ತಜ್ಞರು ಬಂದ ದಿನ, ತನ್ನ ಹೆಸರಿನ ಹುಲ್ಲು ನೋಡಲು ಶಾರದೆಯೂ ಬಂದಳು. ಬೇಲಿ ಸರಿಸಿದೆ. ಮೆತ್ತೆ ಇರಲಿಲ್ಲ. ಮೊಣಕಾಲೆತ್ತರದ ಹುಲ್ಲು, ತುದಿಯಲ್ಲಿ ಬೆರಳು ಬಿಡಿಸಿದಂಥ ತೆನೆ ಹೊತ್ತು, ಗಾಳಿಗೆ ತೂಗುತ್ತಿತ್ತು.

ತಜ್ಞರು ಒಂದು ಕಡ್ಡಿ ಕಿತ್ತು ನೋಡಿದರು. "ಸರ, ಇದು ಕರಿಕಿ. ಗಣಪ್ಪಗ ಏರಸ್ತಾರಲ್ರೀ."

"ಆವತ್ತು ಅರ್ಧ ಅಂಗುಲ ಇತ್ತು!"

ಹಿಂದಿನಿಂದ ಹನುಮವ್ವ ಹೇಳಿದಳು: "ದಿನಾ ನಲವತ್ತು ಕುರಿ ಮೇದ್ರ ಇನ್ನೆಷ್ಟು ಇರ್ತದ್ರೀ? ನೀವು ಬೇಲಿ ಹಾಕಿದ್ರಿ, ಅದು ಬೆಳೀತು."

ಹೇಳಿ ಕುರಿಗಳನ್ನು ಒಳಗೆ ಬಿಟ್ಟಳು. ತಜ್ಞರ ಕಣ್ಣೆದುರೇ ನನ್ನ ಪ್ರಭೇದ ಮತ್ತೆ ತಯಾರಾಗತೊಡಗಿತು!

ಇದನ್ನು ಕಣ್ಣಾರೆ ಕಂಡವರು ನನ್ನನ್ನು ಬಿಟ್ಟರೆ ಮೂವರು: ರಾಯಚೂರಿನ ತಜ್ಞರು, ಕುರಿಯ ಹನುಮವ್ವ, ನನ್ನ ಹೆಂಡತಿ ಶಾರದೆ. ಮೂವರೂ ಬದುಕಿದ್ದಾರೆ. ಮೂವರಿಗೂ ನೆನಪಿನ ಶಕ್ತಿ ಬಹಳ ಚೆನ್ನಾಗಿದೆ.