ಹೂವಿನ ಗಂಟು ಓದುವ ಮಾವ

ನಮ್ಮ ಮಾವನಿಗೆ ಒಂದು ವಿದ್ಯೆ ಬರುತ್ತದೆ. ಭಟ್ಕಳದಿಂದ ಕುಮಟಾದವರೆಗೆ ಜಾಲಾಡಿದರೂ ಆ ವಿದ್ಯೆ ಬಲ್ಲ ಇನ್ನೊಬ್ಬ ಗಂಡಸು ಸಿಕ್ಕಲಾರ. ಸಿಕ್ಕದಿರುವುದೇ ಒಳ್ಳೆಯದು ಎನ್ನುವುದು ನಮ್ಮ ಅತ್ತೆಯ ಅಭಿಪ್ರಾಯ. ಒಬ್ಬನನ್ನು ಸಂಭಾಳಿಸುವಷ್ಟರಲ್ಲೇ ಅವಳಿಗೆ ಸಾಕುಸಾಕಾಗಿದೆ!

ವಿದ್ಯೆ ಇಷ್ಟೇ. ಮಲ್ಲಿಗೆ ಮಾಲೆಯನ್ನು ಒಮ್ಮೆ ನೋಡಿದರೆ ಸಾಕು, ಅದನ್ನು ಕಟ್ಟಿದ್ದು ಯಾರ ಕೈ ಎಂದು ಮಾವ ಹೇಳಿಬಿಡುತ್ತಾನೆ. ನಮ್ಮ ಮಾವಳ್ಳಿಯಲ್ಲಿ ಮಲ್ಲಿಗೆ ಗಿಡವಿಲ್ಲದ ಅಂಗಳ ಕಡಿಮೆ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ ಬಸ್ಸಿಗೆ ಕೊಟ್ಟು ಕಳಿಸುವುದು ಹೆಂಗಸರ ಕೆಲಸ. ನನಗೆ ಎಲ್ಲ ಮಾಲೆಯೂ ಒಂದೇ. ಮಾವನಿಗೆ ಹಾಗಲ್ಲ, ಪ್ರತಿ ಮಾಲೆಯ ಮೇಲೂ ಕಟ್ಟಿದವಳ ಸಹಿ ಇರುತ್ತದೆ. ನಾರು ಎಷ್ಟು ಸುತ್ತು ಬಂದಿದೆ, ಗಂಟು ಯಾವ ಕಡೆಗೆ ವಾಲಿದೆ, ಮೊಗ್ಗಿನ ಕುತ್ತಿಗೆ ಎಷ್ಟು ಹಿಸುಕಿದೆ, ಎಲ್ಲವನ್ನೂ ಓದುತ್ತಾನೆ.

"ಹಾಗಾದರೆ ನಿಮ್ಮ ಮಾವನಿಗೆ ಹೂ ಕಟ್ಟಲೂ ಬರುತ್ತದೆಯೇ?" ಎಂದು ನೀವು ಕೇಳಬಹುದು. ಎಲ್ಲಿಂದ ಬರಬೇಕು! ಅವನು ಉಟ್ಟ ಲುಂಗಿಯ ಗಂಟೇ ಅಂಗಳ ದಾಟುವವರೆಗೆ ನಿಲ್ಲುವುದಿಲ್ಲ.

ವಿದ್ಯೆಯೇನೋ ದೊಡ್ಡದು, ಆದರೆ ಅದನ್ನು ಪ್ರಯೋಗಿಸುವ ಜಾಗ ಮಾತ್ರ ಅಪಾಯದ್ದು. ಮಲ್ಲಿಗೆ ಇರುವುದು ಎಲ್ಲಿ? ಹೆಂಗಸರ ತಲೆಯಲ್ಲಿ! ಒಮ್ಮೆ ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಮಾವ ಯಾರೋ ಅಪರಿಚಿತ ಹೆಂಗಸಿನ ಬೆನ್ನ ಹಿಂದೆ ನಿಂತು, ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ, ಅವಳ ಜಡೆಯನ್ನೇ ಪರೀಕ್ಷಿಸುತ್ತಿದ್ದ. ಆಕೆ ಗಕ್ಕನೆ ತಿರುಗಿದಳು.

"ಎಂತ ಕಾಣ್ತಿದ್ರಿ? ನಿಮ್ಮ ಮನೇಲಿ ಹೆಂಗಸ್ರು ಇಲ್ವಾ?"

"ಇದಾರೆ, ಇದಾರೆ. ಆದ್ರೆ ಅವ್ರ ಕೈಯಲ್ಲಿ ಇಷ್ಟು ಚೆಂದ ಗಂಟು ಬರೂದಿಲ್ಲ," ಎಂದ ಮಾವ, ಪೂರ್ತಿ ಪ್ರಾಮಾಣಿಕವಾಗಿ. ಅತ್ತೆ ಅಲ್ಲೇ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಆ ಹೆಂಗಸು ಬಿಟ್ಟರೂ ಅತ್ತೆ ಬಿಡಲಿಲ್ಲ. ಆಮೇಲೆ ಒಂದು ತಿಂಗಳು ಅವರ ಮನೆಯಲ್ಲಿ ಚಹಾ ಮಾಡಿದ್ದು ಮಾವನೇ ಅಂತೆ!

ಇನ್ನು ನಮ್ಮ ಪಕ್ಕದ ಮನೆಯ ಯಮುನಕ್ಕನ ಕಥೆ. ಅವಳು ಕಟ್ಟಿದ ಮಾಲೆಯನ್ನು ಮಾವ ಒಂದು ದಿನ ಕೈಯಲ್ಲಿ ಹಿಡಿದು, ವೈದ್ಯರು ನಾಡಿ ನೋಡುವಂತೆ ಬೆರಳಾಡಿಸಿದ.

"ಯಮುನಕ್ಕ, ಇಲ್ಲಿಂದ ಇಲ್ಲೀವರೆಗೆ ನಿಂಗೆ ಸಿಟ್ಟು ಬಂದಿತ್ತು. ಮೊಗ್ಗೆಲ್ಲ ಹಿಸುಕಿ ಹೋಗಿದೆ ಕಾಣು."

ಯಮುನಕ್ಕ ಬಾಯಿ ಮೇಲೆ ಕೈ ಇಟ್ಟಳು. "ಹೌದೋ ಮಾರಾಯ! ನಮ್ಮನೆಯವ್ರು ಬಂಗಡೆ ಮೀನು ತನ್ನಿ ಅಂದ್ರೆ ತಾರ್ಲೆ ಮೀನು ತಂದಿದ್ರು!"

"ಇಲ್ಲಿ ಸಿಟ್ಟು ಇಳಿದಿದೆ."

"ಅಲ್ಲಿ ಅವ್ರು ತಿರುಗಾ ಪೇಟೆಗೆ ಹೋದ್ರು!"

ಇಂಥ ತಿಳಿವಳಿಕೆಯಿಂದ ಯಾರಿಗೆ ಏನು ಪ್ರಯೋಜನ, ಹೇಳಿ? ಆವತ್ತಿನಿಂದ ಯಮುನಕ್ಕ ಮಾವ ಬರುವುದು ಕಂಡರೆ ಹೂವಿನ ಬುಟ್ಟಿಯ ಮೇಲೆ ಸೆರಗು ಹೊದಿಸುತ್ತಾಳೆ. ನಾನಂತೂ ಅವನ ಮುಂದೆ ಹೂ ಕಟ್ಟುವುದನ್ನೇ ಬಿಟ್ಟಿದ್ದೇನೆ. ನನ್ನ ಮಾಲೆಯನ್ನು ನೋಡಿ ಅವನು ಒಮ್ಮೆ ಹೇಳಿದ್ದು ಒಂದೇ ಮಾತು: "ಇದು ಯಾವಾಗ ಮುಗಿತದೆ ಅಂತ ಕಾಯ್ತಿರೂ ಕೈ." ನಾನು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು, ಗಂಟೆ ಹೊಡೆಯುವುದನ್ನು ಕಾಯುವುದು ನನಗೆ ರೂಢಿ. ಅದು ಬೆರಳಿಗೂ ಇಳಿದಿದೆ ಎಂದು ಗೊತ್ತಿರಲಿಲ್ಲ.

ಮಾವನ ವಿದ್ಯೆ ಉಪಯೋಗಕ್ಕೆ ಬರುವ ಒಂದು ಸುವರ್ಣಾವಕಾಶ ಬಂದಿತ್ತು, ಸುಳ್ಳು ಹೇಳಬಾರದು. ಅವನು ಆಗ ಭಟ್ಕಳ–ಕುಮಟಾ ಬಸ್ಸಿನ ಕಂಡಕ್ಟರ್. ಹೂವಿನ ಪೊಟ್ಟಣಗಳು ದಿನಾ ಅವನ ಬಸ್ಸಿನಲ್ಲೇ ಹೋಗುತ್ತಿದ್ದವು. ಒಂದು ಮಳೆಗಾಲದ ಬೆಳಿಗ್ಗೆ ಕಿಟಕಿಯಿಂದ ನೀರು ಹೊಡೆದು, ಪೊಟ್ಟಣಗಳ ಮೇಲಿನ ಚೀಟಿಗಳೆಲ್ಲ ತೊಯ್ದು, ಹೆಸರೆಲ್ಲ ಅಳಿಸಿಹೋಯಿತು. ಡ್ರೈವರ್ ತಲೆಗೆ ಕೈ ಹಚ್ಚಿದ. ಮಾವ ಮಾತ್ರ ನಕ್ಕ. ಇಂಥ ದಿನಕ್ಕಾಗಿಯೇ ಹುಟ್ಟಿದವನು ಅವನು! ಒಂದೊಂದೇ ಪೊಟ್ಟಣ ಬಿಚ್ಚಿ, ಗಂಟು ನೋಡಿ, "ಇದು ಯಮುನಕ್ಕನದು, ಇದು ಕೆಳಗಿನಮನೆಯದು, ಇದು ಶಾಲೆ ಹಿಂದಿನವಳದು" ಎಂದು ಒಂದೂ ತಪ್ಪದೆ ಸಾಲಾಗಿ ಇಟ್ಟ. ಆಮೇಲೆ ಡ್ರೈವರ್ ಒಂದು ಪ್ರಶ್ನೆ ಕೇಳಿದ.

"ಅದೆಲ್ಲ ಆತು. ಯಾರಿಗೆ ಕೊಡೂದು?"

ಕಳಿಸಿದವರು ಯಾರೆಂದು ಮಾವನಿಗೆ ಗೊತ್ತು, ತಲುಪಬೇಕಾದವರು ಯಾರೆಂದು ಗೊತ್ತಿಲ್ಲ! ಕುಮಟಾದ ಮದುಮಗಳಿಗೆ ಹೋಗಬೇಕಾದ ಹೂವಿನ ದಂಡೆ ಹೊನ್ನಾವರದಲ್ಲಿ ಹೊಸದಾಗಿ ಶುರುವಾದ ಟೈರ್ ಅಂಗಡಿಯ ಬಾಗಿಲಿಗೆ ಏರಿತು. ಟೈರ್ ಅಂಗಡಿ ಈಗಲೂ ಚೆನ್ನಾಗಿ ನಡೆಯುತ್ತಿದೆ. ಮದುಮಗಳ ಮನೆಯವರು ಮಾವನ ಬಸ್ಸು ಹತ್ತುವುದನ್ನೇ ಬಿಟ್ಟರು.

ಈ ವಿದ್ಯೆಯನ್ನು ಮಾವ ಕಲಿತದ್ದೆಲ್ಲಿ? ನಮ್ಮ ಅಮ್ಮನ ಎದುರು ಕೂತು. ಅಮ್ಮ ಅವನ ಅಕ್ಕ. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಅವನಿಗೆ ಅನ್ನ ಕಲೆಸಿ ತಿನ್ನಿಸಿದ್ದೂ, ತಲೆ ಬಾಚಿದ್ದೂ, ಬೆನ್ನಿಗೆ ಎರಡು ಬಿಟ್ಟಿದ್ದೂ ಅವಳೇ. ಅವಳು ಜಗಲಿಯಲ್ಲಿ ಕಾಲು ಚಾಚಿ, ನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಹೂ ಕಟ್ಟುವಳು. ಇವನು ಮೊಗ್ಗುಗಳನ್ನು ಎರಡೆರಡಾಗಿ ಜೋಡಿಸಿ, ತೊಟ್ಟು ಅವಳ ಬಲಗೈ ಕಡೆಗೆ ಬರುವಂತೆ ಕೊಡಬೇಕು. ತೊಟ್ಟು ಉಲ್ಟಾ ಆದರೆ ಏಟು. ಹಾಗೆ ಕೂತೂ ಕೂತೂ ಅವನು ಮೊದಲು ಓದಲು ಕಲಿತದ್ದು ಅಕ್ಷರವಲ್ಲ, ಅಕ್ಕನ ಗಂಟು.

"ಅಕ್ಕನ ಕೈ ಅಂದ್ರೆ ಕೈ," ಎನ್ನುತ್ತಿದ್ದ. "ಐದು ಗಂಟು ಆದ ಕೂಡ್ಲೆ ಒಂದ್ಸಲ ನಾರು ಎಳೆದು ಕಾಣ್ತಾಳೆ, ಬಿಗಿ ಇದೆಯಾ ಅಂತ. ಅಲ್ಲೊಂದು ಸಣ್ಣ ಸಂದು ಬೀಳ್ತದೆ. ಅವ್ಳಿಗೇ ಗೊತ್ತಿಲ್ಲ ಅದು."

ಕಳೆದ ವರ್ಷ ಅಮ್ಮನಿಗೆ ಲಕ್ವ ಹೊಡೆಯಿತು. ಆಸ್ಪತ್ರೆ, ಔಷಧಿ, ಎಣ್ಣೆ ತಿಕ್ಕುವುದು ಎಲ್ಲ ಆಯಿತು. ಮಾತು ತಿರುಗಿ ಬಂತು, ಕೋಲು ಹಿಡಿದು ನಡೆಯುವಷ್ಟು ಕಾಲೂ ಬಂತು. ಬಲಗೈ ಬರಲಿಲ್ಲ. ಬೆರಳುಗಳು ಒಂದು ವಸ್ತುವನ್ನು ಒತ್ತಿ ಹಿಡಿದಾವು, ಅಷ್ಟೇ. ಮನೆಗೆ ಬಂದ ಮೊದಲ ದಿನವೇ ಅಮ್ಮ ನಾರಿನ ಕಟ್ಟನ್ನು ಅಟ್ಟಕ್ಕೆ ಹಾಕಿಸಿದಳು. "ಮೊಗ್ಗು ಯಮುನಂಗೆ ಕೊಟ್ಬಿಡು, ನನ್ನ ಎದುರು ತರೂಕೆ ಹೋಗ್ಬೇಡ," ಎಂದಳು. ಆಮೇಲೆ ಅವಳು ಜಗಲಿಯಲ್ಲಿ ಕೂರುವುದನ್ನೇ ಬಿಟ್ಟಳು. ದಿನವಿಡೀ ಒಳಕೋಣೆಯ ಕುರ್ಚಿಯಲ್ಲಿ ಕೂತು, ಬಲಗೈಯನ್ನು ಸೆರಗಿನ ಒಳಗೆ ಇಟ್ಟುಕೊಳ್ಳುತ್ತಿದ್ದಳು. ಕೈ ಹೋದದ್ದಕ್ಕಿಂತ ಅವಳು ಅದನ್ನು ಹೀಗೆ ಮುಚ್ಚಿಡುವುದೇ ನನಗೆ ಹೆಚ್ಚು ಸಂಕಟ ಕೊಡುತ್ತಿತ್ತು.

ಮಾವ ಪ್ರತಿ ಭಾನುವಾರ ಕುಮಟಾದಿಂದ ಬಸ್ಸಿನಲ್ಲಿ ಬರುತ್ತಿದ್ದ. ಬಂದು ಕೂತು, ಹವೆಯ ವಿಷಯ, ಮೀನಿನ ವಿಷಯ ಮಾತಾಡಿ ಹೋಗುತ್ತಿದ್ದ. ಹೂವಿನ ಸುದ್ದಿಯೇ ಇಲ್ಲ. ಯಮುನಕ್ಕ ಸೆರಗು ಹೊದಿಸದೆ ಬುಟ್ಟಿಯನ್ನು ಎದುರಿಗೇ ಇಟ್ಟರೂ ನೋಡುತ್ತಿರಲಿಲ್ಲ. ಅತ್ತೆ ಒಮ್ಮೆ ಫೋನಿನಲ್ಲಿ ಪಿಸುಗುಟ್ಟಿದಳು: "ನಿನ್ನ ಮಾವ ಈಗ ಹೆಂಗಸ್ರ ತಲೆ ಕಾಣೂದೇ ಬಿಟ್ಟಿದಾರೆ ಮಾರಾಯ್ತಿ. ನಂಗೆ ಹೆದರಿಕೆ ಆಗ್ತದೆ." ಗಂಡ ಪರಹೆಂಗಸರ ಕಡೆ ನೋಡುವುದಿಲ್ಲ ಎಂದು ಹೆಂಡತಿ ಕಣ್ಣೀರು ಹಾಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಗು ಬಂದರೂ ನಗಲಾಗಲಿಲ್ಲ.

ಹೋದ ತಿಂಗಳ ಒಂದು ಭಾನುವಾರ. ದೇವರ ಪಟಕ್ಕೆ ಗೇಣುದ್ದದ ಮಲ್ಲಿಗೆ ಇತ್ತು. ನಾವು ಮೊಗ್ಗು ಕೊಡುವುದಕ್ಕೆ ಬದಲಾಗಿ ಯಮುನಕ್ಕ ದಿನಾ ಪಟಕ್ಕೆಂದು ಒಂದು ತುಂಡು ಮಾಲೆ ಕಳಿಸುತ್ತಿದ್ದಳು. ಆದರೆ ಎರಡು ವಾರದಿಂದ ಅದು ತೀರಾ ಸಡಿಲ. ಸಂಜೆಯೊಳಗೆ ಅರ್ಧ ಹೂ ನೆಲದಲ್ಲಿ. "ಯಮುನಕ್ಕಂಗೆ ಎಂತ ಆಗಿದೆಯೋ, ಹೀಗೂ ಕಟ್ತಾರಾ?" ಎಂದು ನಾನು ಗುಡಿಸುತ್ತ ಗೊಣಗಿದ್ದೆ, ಒಂದಲ್ಲ, ನಾಲ್ಕು ಸಲ. ಅಮ್ಮ ಪ್ರತಿ ಸಲವೂ ಕೈಮೇಲಿನ ಸೆರಗನ್ನು ಇನ್ನಷ್ಟು ಎಳೆದುಕೊಳ್ಳುತ್ತಿದ್ದಳು.

ಆ ದಿನ ಮಾವನನ್ನು ಹೇಗಾದರೂ ಹಳೆಯ ಹಾದಿಗೆ ತರಬೇಕೆಂದು ನಾನೇ ಆ ಮಾಲೆಯನ್ನು ಪಟದಿಂದ ತೆಗೆದು ಅವನ ಕೈಗೆ ಕೊಟ್ಟೆ. "ಮಾವ, ಯಮುನಕ್ಕ ಈಗ ಯಾರ ಮೇಲೆ ಸಿಟ್ಟಾಗಿದಾಳೆ, ಕಂಡು ಹೇಳು."

ಮಾವ ಒಲ್ಲದ ಮನಸ್ಸಿನಿಂದ ಹಿಡಿದುಕೊಂಡ. ಕನ್ನಡಕ ಮೇಲೆ ಮಾಡಿದ, ಕೆಳಗೆ ಮಾಡಿದ. ಮಾಲೆಯನ್ನು ತಿರುಗಿಸಿ ಹಿಡಿದ. ಮತ್ತೆ ತಿರುಗಿಸಿದ.

"ಇದು ಯಮುನಕ್ಕನದಲ್ಲ," ಎಂದ. "ಗಂಟೆಲ್ಲ ಉಲ್ಟಾ ಬಿದ್ದಿದೆ. ಎಡಗೈಯಲ್ಲಿ ಕಟ್ಟಿದ್ದು."

"ಯಮುನಕ್ಕ ಎಡಚಿ ಅಲ್ವಲ್ಲ?" ಎಂದೆ ನಾನು, ಪೆದ್ದಿ.

ಮಾವ ಬೆರಳಿನಿಂದ ಗಂಟುಗಳನ್ನು ಎಣಿಸುತ್ತಿದ್ದ. ಒಂದು, ಎರಡು, ಮೂರು, ನಾಲ್ಕು, ಐದು. ಅಲ್ಲಿ ಬೆರಳು ನಿಂತಿತು. ಮತ್ತೆ ಐದು ಎಣಿಸಿದ. ಮತ್ತೆ ನಿಂತಿತು. ಕುರ್ಚಿಯಲ್ಲಿದ್ದ ಅಮ್ಮ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು.

"ಅಕ್ಕ," ಎಂದ ಮಾವ. "ಎಷ್ಟು ದಿನ ಆತು?"

ಅಮ್ಮ ಹೇಳಿದಳು. "ಹದಿನೈದು ದಿನ. ಇವ್ಳು ಶಾಲೆಗೋ ಪೇಟೆಗೋ ಹೋದ್ಮೇಲೆ. ಯಮುನ ಮೊಗ್ಗು, ನಾರು ತಂದು ಕೊಡ್ತಾಳೆ."

ನನಗೆ ನೆಲ ನೋಡುವುದಕ್ಕೂ ನಾಚಿಕೆಯಾಯಿತು. ಅದೇ ಮನೆಯಲ್ಲಿದ್ದು, ಅದೇ ಹೂವನ್ನು ದಿನಾ ಗುಡಿಸಿ ಹೊರಗೆ ಹಾಕಿದವಳು ನಾನು.

"ತೀರಾ ಸಡಿಲ ಆಗಿದೆ, ಅಲ್ದಾ?" ಎಂದಳು ಅಮ್ಮ, ಗೋಡೆಯ ಕಡೆ ನೋಡುತ್ತಲೇ.

ನಾನು ಮಾವನ ಮುಖ ನೋಡಿದೆ. ಗಂಟಿನ ವಿಷಯದಲ್ಲಿ ಜನ್ಮದಲ್ಲಿ ಒಂದು ಸುಳ್ಳು ಹೇಳಿದವನಲ್ಲ. ದೇವರೇ, ಇವತ್ತೊಂದು ದಿನ ಹೇಳಲಿ ಎಂದುಕೊಂಡೆ.

"ಹೌದು, ಸಡಿಲ," ಎಂದ ಮಾವ. "ಸಾಯಂಕಾಲದವರೆಗೆ ನಿಲ್ಲೂದಿಲ್ಲ. ಆದ್ರೆ ಕೈ ನಿಂದೇ ಅಕ್ಕ. ಸಾವಿರದಲ್ಲಿ ಇಟ್ರೂ ಹೇಳ್ತೆ, ನಿಂದೇ."

ಅಮ್ಮ ತಿರುಗಿದಳು. ಸೆರಗಿನ ಒಳಗಿನಿಂದ ಬಲಗೈಯನ್ನು ಹೊರಗೆ ತೆಗೆದು ತೊಡೆಯ ಮೇಲಿಟ್ಟು, ಅದು ಯಾರದೋ ಎಂಬಂತೆ ನೋಡಿದಳು. ಆಮೇಲೆ ಕೋಲು ಹಿಡಿದು ಎದ್ದು, ತಾನೇ ಜಗಲಿಗೆ ಹೋಗಿ ಕೂತಳು. ನಾನು ಯಮುನಕ್ಕನ ಮನೆಗೆ ಓಡಿ ಮೊಗ್ಗಿನ ಬುಟ್ಟಿಯನ್ನೂ ನಾರನ್ನೂ ತಂದೆ. ಅವಳು ನಾರನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿದಳು. ಅರವತ್ತು ದಾಟಿದ, ತಲೆ ಬೋಳಾದ, ರಿಟೈರ್ ಆದ ನಮ್ಮ ಮಾವ ಲುಂಗಿ ಮಡಚಿ ಅವಳ ಎದುರು ನೆಲದ ಮೇಲೆ ಕೂತು, ಎರಡು ಮೊಗ್ಗು ಜೋಡಿಸಿ ಮುಂದೆ ಹಿಡಿದ.

ಅಮ್ಮ ಅವನ ಕೈ ಮೇಲೆ ಮೆಲ್ಲಗೆ ಒಂದು ಏಟು ಹಾಕಿದಳು.

"ತೊಟ್ಟು ಈಚೆ ತಿರುಗ್ಸೋ. ಈಗ ನಂದು ಎಡಗೈ."

ಮಾವ ಕಣ್ಣೊರೆಸಿಕೊಂಡು, ತೊಟ್ಟು ತಿರುಗಿಸಿ ಕೊಟ್ಟ.